ಬೆಕ್ಕೂ ಇರಲಿ, ಉಸಿರೂ ಸರಾಗವಾಗಿರಲಿ
ಸಾಕುಪ್ರಾಣಿಗಳಿಂದ ಬರುವ ಅಲರ್ಜಿ: ನಾವು ತಿಳಿದಿರಬೇಕಾದ ವಿಷಯಗಳು



ನಮ್ಮ ಊರುಗಳಲ್ಲಿ ಬೆಕ್ಕು, ನಾಯಿ ಇಲ್ಲದ ಮನೆ ಹುಡುಕುವುದೇ ಕಷ್ಟ. ಭತ್ತಕ್ಕೆ ಇಲಿ ಬಾರದಂತೆ ಬೆಕ್ಕು ಬೇಕು, ತೋಟ ಮನೆ ಕಾಯಲು ನಾಯಿ ಬೇಕು. ಮಕ್ಕಳು ದುಡಿಯಲು ಪರವೂರಿಗೆ ಹೋದ ಮೇಲೆ ವಯಸ್ಸಾದ ತಾಯಿಗೆ ಮಾತಾಡಿಸಲು ಉಳಿದಿರುವ ಜೀವ ಆ ಬೆಕ್ಕೊಂದೇ ಆಗಿರುವ ಮನೆಗಳೂ ಇವೆ. ಆದರೆ ಅದೇ ಮನೆಯಲ್ಲಿ ಯಾರೋ ಒಬ್ಬರಿಗೆ ಬೆಳಿಗ್ಗೆ ಎದ್ದ ಕೂಡಲೇ ಹತ್ತಿಪ್ಪತ್ತು ಸೀನು, ಮೂಗಿನಲ್ಲಿ ನೀರು, ಕಣ್ಣಿನಲ್ಲಿ ತುರಿಕೆ. ರಾತ್ರಿಯಾದರೆ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್ ಶಬ್ದ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದು, ಯಾರೋ ಹೇಳಿದರು ಅಂತ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುತ್ತಾರೆ. ಮಕ್ಕಳು ಅಳುತ್ತಾರೆ, ಆದರೆ ಕೆಮ್ಮು ಮಾತ್ರ ನಿಲ್ಲುವುದಿಲ್ಲ. ಇನ್ನೊಂದು, "ಅದು ಶೀತ ಅಷ್ಟೇ, ಹವೆ ಬದಲಾದರೆ ಹೋಗುತ್ತೆ" ಅಂತ ವರ್ಷಗಟ್ಟಲೆ ಸಹಿಸಿಕೊಂಡು, ಕೊನೆಗೆ ಒಂದು ರಾತ್ರಿ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಓಡುತ್ತಾರೆ. ಈ ಎರಡೂ ಬೇಡ. ಪ್ರಾಣಿಯನ್ನೂ ಉಳಿಸಿಕೊಂಡು, ಉಸಿರನ್ನೂ ಕಾಪಾಡಿಕೊಳ್ಳುವ ದಾರಿ ಬಹಳಷ್ಟು ಮನೆಗಳಲ್ಲಿ ಸಾಧ್ಯವಿದೆ. ಅದಕ್ಕೆ ಮೊದಲು ಈ ತೊಂದರೆ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು.

ಅಲರ್ಜಿ ಅಂದರೇನು?

ನಮ್ಮ ದೇಹದೊಳಗೆ ಒಂದು ಕಾವಲು ವ್ಯವಸ್ಥೆ ಇದೆ. ರೋಗಾಣು ಒಳಗೆ ಬಂದರೆ ಅದು ಎಚ್ಚೆತ್ತು ಹೋರಾಡುತ್ತದೆ. ಕೆಲವರಲ್ಲಿ ಈ ಕಾವಲಿಗೆ ಕಳ್ಳ ಯಾರು, ಅಂಚೆಯಣ್ಣ ಯಾರು ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಪಾಯವಿಲ್ಲದ ಧೂಳಿಗೂ, ಹೂವಿನ ಪರಾಗಕ್ಕೂ, ಬೆಕ್ಕಿನ ಮೈಯಿಂದ ಉದುರುವ ಪುಡಿಗೂ ಕಳ್ಳನೇ ಬಂದ ಹಾಗೆ ಬೊಗಳಲು ಶುರು ಮಾಡುತ್ತದೆ. ಆಗ ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಸೀನು, ತುರಿಕೆ, ಮೂಗು ಸೋರುವುದು, ಚರ್ಮದಲ್ಲಿ ದದ್ದು ಏಳುವುದು ಎಲ್ಲ ಹೆಚ್ಚಾಗಿ ಇದರಿಂದಲೇ. 'ಅಲರ್ಜಿ' ಎಂಬ ಹೆಸರನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟರು.

ಅಲರ್ಜಿ ಅಂಟುರೋಗವಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ತಂದೆ ತಾಯಿಗೆ ಅಲರ್ಜಿ, ಅಸ್ತಮಾ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಚಿಕ್ಕಂದಿನಿಂದ ಬೆಕ್ಕಿನ ಜೊತೆ ಬೆಳೆದವರಿಗೂ ದೊಡ್ಡವರಾದ ಮೇಲೆ ಶುರುವಾಗಬಹುದು. ಆದ್ದರಿಂದ "ಇಷ್ಟು ದಿನ ಇಲ್ಲದ್ದು ಈಗ ಹೇಗೆ ಬಂತು? ಎಲ್ಲ ನಾಟಕ" ಎಂದು ಯಾರನ್ನೂ ಹೀಯಾಳಿಸಬಾರದು.

ತಪ್ಪು ಕೂದಲಿನದ್ದಲ್ಲ

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ, ಮೂಗಿಗೆ ಹೋದರೆ ಉಬ್ಬಸ ಬರುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ನಂಬಿದ್ದಾರೆ. ನಿಜವಾಗಿ ತೊಂದರೆ ಕೊಡುವುದು ಕೂದಲಲ್ಲ. ಬೆಕ್ಕಿನ ಎಂಜಲಿನಲ್ಲಿ ಮತ್ತು ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಒಂದು ಪ್ರೋಟೀನ್ ತಯಾರಾಗುತ್ತದೆ. ವಿಜ್ಞಾನಿಗಳು ಇದನ್ನು 'ಫೆಲ್ ಡಿ 1' ಎಂದು ಕರೆಯುತ್ತಾರೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ ಅಲ್ವಾ? ಆ ಎಂಜಲು ಮೈಮೇಲೆ ಒಣಗಿ, ಚರ್ಮದ ಹೊಟ್ಟಿನ ಜೊತೆ ಸೇರಿ, ಕಣ್ಣಿಗೆ ಕಾಣದ ಪುಡಿಯಾಗಿ ಉದುರುತ್ತದೆ. ನಾಯಿಯಲ್ಲೂ ಹೀಗೆಯೇ ಎಂಜಲು, ಚರ್ಮದ ಹೊಟ್ಟಿನಲ್ಲಿ ಬೇರೆ ಪ್ರೋಟೀನ್‌ಗಳಿವೆ.

ಈ ಪುಡಿ ಎಷ್ಟು ಸಣ್ಣದು? ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಇಟ್ಟುಕೊಳ್ಳಿ. ಬೆಕ್ಕಿನ ಪುಡಿಯ ಎಷ್ಟೋ ಕಣಗಳು 5 ಮೈಕ್ರಾನ್‌ಗಿಂತ ಸಣ್ಣವು. ಆದ್ದರಿಂದ ಅವು ಬೇಗ ಕೆಳಗೆ ಬೀಳುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ ಮತ್ತು ಶ್ವಾಸಕೋಶದ ಒಳಗಿನವರೆಗೂ ಹೋಗುತ್ತವೆ. ಹಾಸಿಗೆ, ಬಟ್ಟೆ, ಪರದೆ, ಸೋಫಾ ಎಲ್ಲದಕ್ಕೂ ಅಂಟಿಕೊಳ್ಳುತ್ತವೆ. ಬೆಕ್ಕು ಸಾಕಿದವರ ಬಟ್ಟೆಯಲ್ಲಿ ಬಸ್ಸಿಗೂ, ಶಾಲೆಗೂ, ಬೆಕ್ಕೇ ಇಲ್ಲದ ಮನೆಗೂ ಹೋಗುತ್ತವೆ.

ಇಷ್ಟು ತಿಳಿದರೆ ಮೂರು ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು, ಕೂದಲು ಗುಡಿಸಿದ ಮಾತ್ರಕ್ಕೆ ಅಲರ್ಜಿ ಹೋಗುವುದಿಲ್ಲ.

ಎರಡನೆಯದು, ಬೆಕ್ಕನ್ನು ಇವತ್ತು ಕಳಿಸಿದರೆ ನಾಳೆಯೇ ವಾಸಿಯಾಗುವುದಿಲ್ಲ. ಮನೆಯಲ್ಲಿ ಉಳಿದ ಪುಡಿ ಕಡಿಮೆಯಾಗಲು 4ರಿಂದ 6 ತಿಂಗಳು ಬೇಕಾಗಬಹುದು. ಹಾಸಿಗೆಯಲ್ಲಿ ಇನ್ನೂ ಹೆಚ್ಚು ಕಾಲ ಇರುತ್ತದೆ. ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬಂದ ಮೇಲೂ ಕೆಮ್ಮು ನಿಲ್ಲದಿರಲು ಇದೂ ಒಂದು ಕಾರಣ.

ಮೂರನೆಯದು, 'ಅಲರ್ಜಿ ಆಗದ ಜಾತಿಯ ನಾಯಿ' ಅಂತ ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಮಾತನ್ನು ನಂಬಬೇಡಿ. ಅಂಥ ಜಾತಿಯ ನಾಯಿಗಳಿರುವ ಮನೆಗಳನ್ನು ಬೇರೆ ನಾಯಿಗಳಿರುವ ಮನೆಗಳ ಜೊತೆ ಹೋಲಿಸಿ ನೋಡಿದ ಅಧ್ಯಯನಗಳು ಅಮೆರಿಕದಲ್ಲಿ 2011ರಲ್ಲಿ, ನೆದರ್ಲೆಂಡ್ಸ್‌ನಲ್ಲಿ 2012ರಲ್ಲಿ ಪ್ರಕಟವಾದವು. ಗಾಳಿ, ಧೂಳಿನಲ್ಲಿ ಅಲರ್ಜಿಯ ಅಂಶ ಕಡಿಮೆಯೇನೂ ಇರಲಿಲ್ಲ.

ಶೀತವೋ, ಅಲರ್ಜಿಯೋ?

ಶೀತವಾದರೆ ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರ ಇರುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಕಡಿಮೆಯಾಗುತ್ತದೆ. ಅಲರ್ಜಿಯಲ್ಲಿ ಜ್ವರ ಬರುವುದಿಲ್ಲ. ಮೂಗಿನಿಂದ ತಿಳಿ ನೀರು ಸೋರುತ್ತದೆ. ಮೂಗು, ಕಣ್ಣು, ಅಂಗುಳು ತುರಿಸುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬಂದು ಹೋಗುತ್ತಾ ಇರುತ್ತದೆ. ಬೆಕ್ಕನ್ನು ಎತ್ತಿಕೊಂಡ ಸ್ವಲ್ಪ ಹೊತ್ತಿನಲ್ಲೇ ಕಣ್ಣು ಕೆಂಪಾಗುವುದು, ನಾಯಿ ನೆಕ್ಕಿದ ಜಾಗದಲ್ಲಿ ದದ್ದು ಏಳುವುದು, ಅದೇ ಹಾಸಿಗೆಯಲ್ಲಿ ಮಲಗಿದ ರಾತ್ರಿ ಕೆಮ್ಮು ಹೆಚ್ಚಾಗುವುದು ಸಾಕುಪ್ರಾಣಿಯ ಅಲರ್ಜಿಯ ಸೂಚನೆಗಳು.

ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು, ಎದೆ ಬಿಗಿತ, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು, ಉಸಿರು ಬಿಡುವಾಗ ಸಿಳ್ಳೆಯಂಥ ಶಬ್ದ ಇದ್ದರೆ ಅದು ಅಸ್ತಮಾ ಇರಬಹುದು. ಇದನ್ನು ಹಗುರವಾಗಿ ನೋಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಜನರಿಗೆ ಅಸ್ತಮಾ ಇತ್ತು. ಆ ವರ್ಷ ಸುಮಾರು 4 ಲಕ್ಷ 55 ಸಾವಿರ ಜನ ಅದರಿಂದ ಸತ್ತರು. ಸರಿಯಾದ ಔಷಧಿ ಸಿಕ್ಕಿದ್ದರೆ ಇವುಗಳಲ್ಲಿ ಹೆಚ್ಚಿನ ಸಾವುಗಳನ್ನು ತಪ್ಪಿಸಬಹುದಿತ್ತು.

ಎಲ್ಲ ಅಪವಾದ ಬೆಕ್ಕಿಗೇ ಬೇಡ

ಬೆಕ್ಕು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಮೊದಲು ಅಪವಾದ ಬರುವುದೂ ಅದಕ್ಕೇ. ಆದರೆ ಸೀನು, ಉಬ್ಬಸಕ್ಕೆ ಕಾರಣವಾಗುವ ಇನ್ನೂ ಎಷ್ಟೋ ವಸ್ತುಗಳು ಮನೆಯಲ್ಲೇ ಇವೆ. ಹಳೆಯ ಹತ್ತಿ ಹಾಸಿಗೆ, ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಇರುತ್ತದೆ. ಜಿರಳೆಯ ಹಿಕ್ಕೆ, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಅಲರ್ಜಿ ತರುತ್ತವೆ. ಸೌದೆ ಒಲೆಯ ಹೊಗೆ, ಸೊಳ್ಳೆ ಬತ್ತಿ, ಅಗರಬತ್ತಿ, ಬೀಡಿ ಸಿಗರೇಟಿನ ಹೊಗೆ ಇರುವ ಉಬ್ಬಸವನ್ನು ಕೆರಳಿಸುತ್ತವೆ. ಇವೆಲ್ಲವನ್ನೂ ಹಾಗೇ ಬಿಟ್ಟು ಬೆಕ್ಕನ್ನು ಮಾತ್ರ ಓಡಿಸಿದರೆ ಪ್ರಯೋಜನವಿಲ್ಲ.

ಆದ್ದರಿಂದ ಎರಡು ವಾರ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೀನು ಅಥವಾ ಕೆಮ್ಮು ಯಾವ ಹೊತ್ತಿಗೆ ಬಂತು, ಆಗ ಏನು ಕೆಲಸ ಮಾಡುತ್ತಿದ್ದಿರಿ, ಎಲ್ಲಿ ಇದ್ದಿರಿ, ಪ್ರಾಣಿ ಹತ್ತಿರ ಇತ್ತೇ? ಸಂಘದ ಲೆಕ್ಕ ಬರೆಯುವ ನಮಗೆ ಇದೇನೂ ಕಷ್ಟವಲ್ಲ. ಈ ಪುಸ್ತಕ ಕೈಯಲ್ಲಿದ್ದರೆ ವೈದ್ಯರಿಗೂ ಸುಲಭ.

ಖಚಿತವಾಗಿ ತಿಳಿಯಲು ಚರ್ಮದ ಪರೀಕ್ಷೆ ಇದೆ. ಮುಂಗೈ ಮೇಲೆ ಬೆಕ್ಕು, ನಾಯಿ, ಧೂಳುಹುಳ, ಜಿರಳೆ ಮುಂತಾದವುಗಳ ಸಾರದ ಒಂದೊಂದು ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚುತ್ತಾರೆ. 15-20 ನಿಮಿಷದಲ್ಲಿ ಯಾವುದು ಗುಳ್ಳೆಯಂತೆ ಊದಿಕೊಳ್ಳುತ್ತದೆ ಎಂದು ನೋಡುತ್ತಾರೆ. ಈ ಪರೀಕ್ಷೆಗೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂಬುದನ್ನು ವೈದ್ಯರನ್ನೇ ಕೇಳಿ. ರಕ್ತ ಪರೀಕ್ಷೆಯೂ ಇದೆ. ದೊಡ್ಡ ಆಸ್ಪತ್ರೆಗಳ ಅಲರ್ಜಿ, ಶ್ವಾಸಕೋಶ ಅಥವಾ ಕಿವಿ ಮೂಗು ಗಂಟಲು ವಿಭಾಗದಲ್ಲಿ ವಿಚಾರಿಸಬಹುದು.

ಮನೆಯಲ್ಲಿ ನಾವೇ ಮಾಡಬಹುದಾದ ಕೆಲಸಗಳು

ಇವುಗಳಲ್ಲಿ ಒಂದನ್ನು ಮಾತ್ರ ಮಾಡಿ "ಏನೂ ಗುಣವಿಲ್ಲ" ಅಂತ ಬಿಡಬೇಡಿ. ಆದಷ್ಟನ್ನು ಒಟ್ಟಿಗೆ, ಕೆಲವು ತಿಂಗಳು ಮಾಡಿ ನೋಡಿ.

1. ಮಲಗುವ ಜಾಗಕ್ಕೆ ಪ್ರಾಣಿ ಬೇಡ. ಇದು ಎಲ್ಲಕ್ಕಿಂತ ಮುಖ್ಯ. ದಿನದ ಏಳೆಂಟು ಗಂಟೆ ನಮ್ಮ ಮೂಗು ದಿಂಬಿಗೆ ತಾಗಿಕೊಂಡೇ ಇರುತ್ತದೆ. ಹಗಲು ಬೆಕ್ಕು ಅದೇ ಹಾಸಿಗೆಯಲ್ಲಿ ಮಲಗಿದರೆ ರಾತ್ರಿ ನಾವು ಉಸಿರಾಡುವುದು ಅದರ ಪುಡಿಯನ್ನೇ. ಕೋಣೆಯ ಬಾಗಿಲು ಹಗಲೂ ಮುಚ್ಚಿರಲಿ. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಸುತ್ತಿ ಎತ್ತರದಲ್ಲಿಟ್ಟು ಹಳೆಯ ಸೀರೆಯಿಂದ ಮುಚ್ಚಿ. ರಾತ್ರಿ ಪ್ರಾಣಿ ಜಗಲಿಯಲ್ಲಿ ಮಲಗಲಿ.

2. ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ತೊಳೆಯಿರಿ. ಹೊದಿಕೆ, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ನೀರು 60 ಡಿಗ್ರಿಯಷ್ಟು ಬಿಸಿ ಇದ್ದರೆ ಧೂಳುಹುಳವೂ ಸಾಯುತ್ತದೆ. ಅಷ್ಟು ಬಿಸಿನೀರಿಗೆ ಕೈ ಹಾಕಬೇಡಿ, ಕೋಲಿನಿಂದ ತಿರುವಿ, ಮಕ್ಕಳನ್ನು ದೂರ ಇಡಿ.

3. ಒಣ ಪೊರಕೆಗಿಂತ ಒದ್ದೆ ಬಟ್ಟೆ ಒಳ್ಳೆಯದು. ರಪರಪನೆ ಗುಡಿಸಿದರೆ ಕೆಳಗಿರುವ ಪುಡಿ ಮತ್ತೆ ಗಾಳಿಗೆ ಏಳುತ್ತದೆ. ಸಿಮೆಂಟ್, ರೆಡ್ ಆಕ್ಸೈಡ್, ಟೈಲ್ಸ್ ನೆಲ ಇರುವವರು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿಟಕಿ ದಂಡೆ, ಫ್ಯಾನಿನ ರೆಕ್ಕೆ, ಕಪಾಟಿನ ಮೇಲ್ಭಾಗವನ್ನೂ ಒರೆಸಿ. ದಪ್ಪ ಪರದೆ, ಕಾರ್ಪೆಟ್ ಕಡಿಮೆ ಇದ್ದಷ್ಟು ಒಳ್ಳೆಯದು.

4. ಅಲರ್ಜಿ ಇರುವವರು ಗುಡಿಸುವುದು ಬೇಡ. ನಮ್ಮ ಮನೆಗಳಲ್ಲಿ ಗುಡಿಸುವುದು, ಹಾಸಿಗೆ ಕೊಡವುವುದು, ಪ್ರಾಣಿಯ ಜಾಗ ತೊಳೆಯುವುದು ಎಲ್ಲ ಹೆಂಗಸರ ತಲೆಗೇ. ಅಲರ್ಜಿ ಇರುವುದು ಹೆಂಗಸಿಗೇ ಆದರೆ ಆಕೆ ದಿನವೂ ಧೂಳನ್ನು ಉಸಿರಾಡಬೇಕಾಗುತ್ತದೆ. ಈ ಕೆಲಸವನ್ನು ಗಂಡನೋ, ಬೆಳೆದ ಮಗನೋ ಮಾಡಲಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಬೇರೆ ಯಾರೂ ಇಲ್ಲದಿದ್ದರೆ ಮೂಗು ಬಾಯಿಗೆ ಸರಿಯಾಗಿ ಕೂರುವ ಮಾಸ್ಕ್ ಹಾಕಿಕೊಳ್ಳಿ.

5. ಮುಟ್ಟಿದ ಮೇಲೆ ಕೈ ತೊಳೆಯಿರಿ. ಪ್ರಾಣಿಯನ್ನು ಮುಟ್ಟಿದ ಕೈಯಲ್ಲಿ ಕಣ್ಣು ಮೂಗು ಉಜ್ಜಬೇಡಿ. ಸೋಪು ಹಾಕಿ ತೊಳೆಯಿರಿ. ತುಂಬಾ ಹೊತ್ತು ಆಡಿದ್ದರೆ ಬಟ್ಟೆ ಬದಲಿಸಿ. ಮಕ್ಕಳಿಗೆ ಬೆಕ್ಕಿಗೆ ಮುತ್ತಿಡುವುದು, ಮುಖಕ್ಕೆ ಮುಖ ತಾಗಿಸುವುದು ಬೇಡ ಅಂತ ಪ್ರೀತಿಯಿಂದ ಹೇಳಿ.

6. ಪ್ರಾಣಿಗೆ ಅದರದೇ ಜಾಗ ಕೊಡಿ. ಜಗಲಿಯ ಮೂಲೆಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಹಳೆಯ ಬಟ್ಟೆ ಅಥವಾ ಗೋಣಿ ಹಾಸಿ. ಬೆಚ್ಚಗಿನ ಜಾಗ ಸಿಕ್ಕಿದರೆ ಬೆಕ್ಕು ತಾನಾಗಿಯೇ ಅಲ್ಲಿ ಮಲಗಲು ಕಲಿಯುತ್ತದೆ. ಆ ಗೋಣಿಯನ್ನು ವಾರಕ್ಕೊಮ್ಮೆ ತೊಳೆಯಿರಿ. ಮೈ ಬಾಚುವುದಿದ್ದರೆ ಅಂಗಳದಲ್ಲಿ, ಅಲರ್ಜಿ ಇಲ್ಲದವರು ಬಾಚಲಿ.

7. ಸ್ನಾನದ ವಿಷಯ. ನಾಯಿಗೆ ಸ್ನಾನ ಮಾಡಿಸಿದರೆ ಅಲರ್ಜಿಯ ಅಂಶ ಕಡಿಮೆಯಾಗುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಗುಣ ಉಳಿಯಬೇಕಾದರೆ ವಾರಕ್ಕೆ 2 ಸಲವಾದರೂ ಬೇಕು. ಅಷ್ಟು ಸಲ ಮಾಡಿಸಿದರೆ ಕೆಲವು ನಾಯಿಗಳ ಚರ್ಮ ಒಣಗುತ್ತದೆ, ಪಶುವೈದ್ಯರನ್ನು ಕೇಳಿ ನಾಯಿಯ ಸೋಪನ್ನೇ ಬಳಸಿ. ಬೆಕ್ಕಿಗೆ ನೀರು ಕಂಡರೆ ಆಗದು. ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಬೆಕ್ಕಿನ ಮೈಗೆ ಫಿನಾಯಿಲ್, ಡೆಟಾಲ್ ಯಾವತ್ತೂ ಹಚ್ಚಬೇಡಿ. ಅದು ಬೆಕ್ಕಿಗೆ ವಿಷ, ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಫಿನಾಯಿಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಬಿಡಬೇಡಿ.

8. ಸಂತಾನಹರಣ ಮಾಡಿಸಿ. ಗಂಡು ಬೆಕ್ಕಿನಲ್ಲಿ ಅಲರ್ಜಿಯ ಪ್ರೋಟೀನ್ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಅದು ಕಡಿಮೆಯಾಗುತ್ತದೆ. ನಾಯಿಯ ಒಂದು ಪ್ರೋಟೀನ್ ಗಂಡು ನಾಯಿಯಲ್ಲಿ ಮಾತ್ರ ಇರುತ್ತದೆ. ಅದೊಂದಕ್ಕೇ ಅಲರ್ಜಿ ಇರುವವರಿಗೆ ಹೆಣ್ಣು ನಾಯಿಯಿಂದ ತೊಂದರೆಯಾಗದಿರಬಹುದು. ಪಶು ಆಸ್ಪತ್ರೆಗೆ ಹೋದಾಗ ರೇಬೀಸ್ ಲಸಿಕೆಯನ್ನೂ ತಪ್ಪದೆ ಹಾಕಿಸಿ.

9. ಗಾಳಿ ಬೆಳಕು ಇರಲಿ. ದಿನಕ್ಕೆರಡು ಸಲ ಕಿಟಕಿ ಬಾಗಿಲು ತೆರೆದಿಡಿ. ಗಾಳಿ ಶುದ್ಧಮಾಡುವ ಯಂತ್ರ ಸ್ವಲ್ಪ ಸಹಾಯ ಮಾಡಬಹುದು. ಆದರೆ ಅದಕ್ಕಾಗಿ ಸಾಲ ಮಾಡಬೇಡಿ. ಅದೇ ಹಣ ಔಷಧಿಗೆ, ದಿಂಬು ಹಾಸಿಗೆ ಬದಲಿಸಲು ಹೆಚ್ಚು ಉಪಯೋಗ.

ಔಷಧಿಯ ಬಗ್ಗೆ ಹೆದರಿಕೆ ಬೇಡ

ಮನೆ ಎಷ್ಟೇ ಸ್ವಚ್ಛ ಮಾಡಿದರೂ ಪ್ರಾಣಿ ಇರುವ ತನಕ ಸ್ವಲ್ಪ ಪುಡಿ ಇದ್ದೇ ಇರುತ್ತದೆ. ಆದ್ದರಿಂದ ಔಷಧಿ ಮತ್ತು ಸ್ವಚ್ಛತೆ ಎರಡೂ ಜೊತೆಯಾಗಿ ನಡೆಯಬೇಕು.

ಸೀನು, ತುರಿಕೆಗೆ ಸೆಟಿರಿಜಿನ್, ಲೊರಾಟಡಿನ್ ಮುಂತಾದ ಮಾತ್ರೆಗಳಿವೆ. ಸೆಟಿರಿಜಿನ್‌ನಿಂದ ಕೆಲವರಿಗೆ ನಿದ್ದೆ ಬರುತ್ತದೆ. ಅಂಥವರು ಅದನ್ನು ತೆಗೆದುಕೊಂಡು ಸ್ಕೂಟರ್ ಓಡಿಸುವುದು, ಯಂತ್ರದ ಕೆಲಸ ಮಾಡುವುದು ಬೇಡ. ಮೂಗು ಯಾವಾಗಲೂ ಕಟ್ಟಿಕೊಳ್ಳುವವರಿಗೆ ವೈದ್ಯರು ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಸ್ಪ್ರೇ ಕೊಡುತ್ತಾರೆ. ಇದು ಹೊಡೆದ ಕೂಡಲೇ ಕೆಲಸ ಮಾಡುವುದಿಲ್ಲ. ದಿನವೂ ಬಳಸಿದರೆ ಒಂದೆರಡು ವಾರದಲ್ಲಿ ಪೂರ್ತಿ ಗುಣ ಗೊತ್ತಾಗುತ್ತದೆ. ತಲೆ ಸ್ವಲ್ಪ ಮುಂದೆ ಬಾಗಿಸಿ, ಸ್ಪ್ರೇಯ ತುದಿ ಮೂಗಿನ ನಡುಗೋಡೆಗೆ ಅಲ್ಲ, ಹೊರಗಡೆಗೆ ಇರುವಂತೆ ಹಿಡಿಯಬೇಕು. ಆದರೆ ಮೂಗು ಕೂಡಲೇ ಬಿಡಿಸುವ ಸಾಮಾನ್ಯ ಹನಿಗಳನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಬಾರದು. ಹಾಕಿದರೆ ಮೂಗು ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಅಸ್ತಮಾ ಇರುವವರಿಗೆ ಇನ್ಹೇಲರ್ ಬೇಕು. "ಇನ್ಹೇಲರ್ ಶುರು ಮಾಡಿದರೆ ಚಟವಾಗುತ್ತೆ", "ಹುಡುಗಿಗೆ ಇನ್ಹೇಲರ್ ಇದೆ ಅಂತ ಗೊತ್ತಾದರೆ ಸಂಬಂಧ ಕೂಡಿಬರಲ್ಲ" ಎಂಬ ಮಾತುಗಳನ್ನು ಎಲ್ಲರೂ ಕೇಳಿದ್ದೇವೆ. ಇದರಿಂದ ಎಷ್ಟೋ ಹೆಣ್ಣುಮಕ್ಕಳು ಇನ್ಹೇಲರ್ ಬಚ್ಚಿಟ್ಟು, ಉಬ್ಬಸವನ್ನೂ ಬಚ್ಚಿಟ್ಟು ಬದುಕುತ್ತಾರೆ. ಒಂದು ಲೆಕ್ಕ ನೋಡಿ. ಸಾಲ್ಬ್ಯುಟಮಾಲ್ ಎಂಬ ಔಷಧಿಯ ಮಾತ್ರೆ 2 ಅಥವಾ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿ ಇನ್ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಮಾತ್ರ. ಅಂದರೆ ಒಂದು ಪಫ್‌ನಲ್ಲಿ ಮಾತ್ರೆಯ ಇಪ್ಪತ್ತನೇ ಒಂದು ಅಥವಾ ನಲವತ್ತನೇ ಒಂದು ಭಾಗ. ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅಷ್ಟು ಕಡಿಮೆ ಸಾಕಾಗುತ್ತದೆ. ಇನ್ಹೇಲರ್ ಕೊನೆಯ ಮದ್ದಲ್ಲ, ಮೊದಲು ಕೊಡಬೇಕಾದ ಮದ್ದು.

ಇನ್ಹೇಲರ್‌ನಲ್ಲಿ ಎರಡು ಬಗೆ ಇದೆ. ಒಂದು ದಮ್ಮು ಬಂದಾಗ ಕೂಡಲೇ ಉಸಿರು ಬಿಡಿಸುವಂಥದ್ದು. ಇನ್ನೊಂದು ಒಳಗಿನ ಊತ ಕಡಿಮೆ ಮಾಡಿ ದಮ್ಮು ಬಾರದಂತೆ ತಡೆಯುವಂಥದ್ದು. ಕೂಡಲೇ ಉಸಿರು ಬಿಡಿಸುವ ಸಾಲ್ಬ್ಯುಟಮಾಲ್ ಒಂದನ್ನೇ ನೆಚ್ಚಿಕೊಂಡು ಇರಬಾರದು, ತಡೆಯುವ ಔಷಧಿಯೂ ಬೇಕು ಎಂದು 2019ರಿಂದ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗದರ್ಶಿ ಹೇಳುತ್ತಿದೆ. ಆದ್ದರಿಂದ "ನನ್ನದು ಯಾವ ಬಗೆಯದು ಡಾಕ್ಟರೇ?" ಎಂದು ಕೇಳಿ ತಿಳಿದುಕೊಳ್ಳಿ. ಹೇಗೆ ಎಳೆಯುವುದು ಎಂದು ಅವರ ಎದುರಿಗೇ ಮಾಡಿ ತೋರಿಸಿ. ಮಕ್ಕಳಿಗೂ, ವಯಸ್ಸಾದವರಿಗೂ ಸ್ಪೇಸರ್ ಎಂಬ ಡಬ್ಬಿಯ ಮೂಲಕ ಸುಲಭ. ಸ್ಟಿರಾಯ್ಡ್ ಇನ್ಹೇಲರ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಈ ಔಷಧಿಗಳನ್ನು ಸರಕಾರಿ ಆಸ್ಪತ್ರೆಯಲ್ಲಿ ಕೇಳಿ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆಯೇ ಎಂದೂ ವಿಚಾರಿಸಿ. ಅಂಗಡಿಯವರು ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ ಬರಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರಿಗೆ ಮೊದಲೇ ತಿಳಿಸಿ. ಆದರೆ ಹೆದರಿ ಇನ್ಹೇಲರ್ ನಿಲ್ಲಿಸಬೇಡಿ. ತಾಯಿಗೆ ಉಸಿರು ಸಿಗದಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೂ ಸಿಗುವುದಿಲ್ಲ.

ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವ ಚಿಕಿತ್ಸೆಯೂ ಇದೆ. 1911ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಎಂಬ ವೈದ್ಯರು ಹುಲ್ಲಿನ ಪರಾಗದ ಅಲರ್ಜಿಗೆ ಇದನ್ನು ಮೊದಲು ಪ್ರಕಟಿಸಿದರು. ಇದಕ್ಕೆ 3ರಿಂದ 5 ವರ್ಷ ಬೇಕು, ಖರ್ಚೂ ಇದೆ. ತಜ್ಞರ ಬಳಿಯೇ ಮಾಡಿಸಬೇಕು. ಅಸ್ತಮಾ ಹತೋಟಿಗೆ ಬಾರದವರಿಗೆ ಇದನ್ನು ಕೊಡುವುದಿಲ್ಲ.

ಈ ಲಕ್ಷಣ ಕಂಡರೆ ಕಾಯಬೇಡಿ

ದಮ್ಮಿನಿಂದ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿರುವುದು, ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಒಳಕ್ಕೆ ಎಳೆದುಕೊಳ್ಳುವುದು, ತುಟಿ ಉಗುರು ನೀಲಿಯಾಗುವುದು, ಇನ್ಹೇಲರ್ ತೆಗೆದುಕೊಂಡರೂ ಕಡಿಮೆಯಾಗದಿರುವುದು, ಮಗು ತೂಕಡಿಸುವುದು ಅಥವಾ ಹಾಲು ಕುಡಿಯದಿರುವುದು. ಇವು ಅಪಾಯದ ಲಕ್ಷಣಗಳು. ರೋಗಿಯನ್ನು ಮಲಗಿಸದೆ ನೇರವಾಗಿ ಕೂರಿಸಿ, ವೈದ್ಯರು ಹೇಳಿಕೊಟ್ಟಂತೆ ಇನ್ಹೇಲರ್ ಕೊಟ್ಟು, 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಹಸು, ಕೋಳಿ ಸಾಕುವವರಿಗೆ

ಬೆಕ್ಕು ನಾಯಿ ಪ್ರೀತಿಗೆ, ಆದರೆ ಹಸು ಕೋಳಿ ಹೊಟ್ಟೆಪಾಡಿಗೆ. ಸಂಘದ ಸಾಲದಿಂದ ಹಸು ತಂದವರಿಗೆ ಹಟ್ಟಿಗೆ ಹೋದರೆ ಸೀನು ಬಂದರೆ ಏನು ಮಾಡುವುದು? ಹಸುವಿನ ಚರ್ಮದ ಹೊಟ್ಟಿನಿಂದಲೂ ಅಲರ್ಜಿ ಬರುವುದುಂಟು. ಹಾಗೆಂದು ಹಾಲು ಕುಡಿಯುವುದು ನಿಲ್ಲಿಸಬೇಕಾಗಿಲ್ಲ. ಹಾಲಿನ ಅಲರ್ಜಿ ಬೇರೆ, ಇದು ಬೇರೆ. ಎಷ್ಟೋ ಸಲ ತೊಂದರೆ ಹಸುವಿನದ್ದೂ ಅಲ್ಲ, ಬೂಷ್ಟು ಹಿಡಿದ ಬೈಹುಲ್ಲು ಮತ್ತು ಹಿಂಡಿಯ ಧೂಳಿನದ್ದು.

ಬೈಹುಲ್ಲನ್ನು ಒದ್ದೆಯಾಗದಂತೆ ಕೂಡಿಡಿ. ಹಾಕುವ ಮೊದಲು ಸ್ವಲ್ಪ ನೀರು ಚಿಮುಕಿಸಿ. ಹಟ್ಟಿಗೆ ಹೋಗಲು ಬೇರೆ ಬಟ್ಟೆ ಇಟ್ಟುಕೊಳ್ಳಿ, ಅದನ್ನು ಮಲಗುವ ಕೋಣೆಗೆ ತರಬೇಡಿ. ಹಾಲು ಕರೆಯುವಾಗ ಮಾಸ್ಕ್ ಹಾಕಿ, ಮುಗಿದ ಮೇಲೆ ಕೈ ಮುಖ ತೊಳೆಯಿರಿ. ಹಸುವಿನ ಮೈ ಉಜ್ಜುವ ಕೆಲಸ ಬೇರೆಯವರು ಮಾಡಲಿ. ಕೋಳಿಗೂಡು, ಪಾರಿವಾಳದ ಗೂಡಿನ ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ, ನೀರು ಹಾಕಿ ತೆಗೆಯಿರಿ. ಆ ಧೂಳು ಕೆಲವರಿಗೆ ಶ್ವಾಸಕೋಶದ ಬೇರೆಯೇ ಕಾಯಿಲೆ ತರುತ್ತದೆ. ಗೂಡು ಶುಚಿ ಮಾಡಿದ ಕೆಲವು ಗಂಟೆಗಳ ನಂತರ ಜ್ವರ, ಒಣ ಕೆಮ್ಮು, ದಮ್ಮು ಬರುತ್ತಿದ್ದರೆ, ದಿನೇ ದಿನೇ ದಮ್ಮು ಹೆಚ್ಚುತ್ತಿದ್ದರೆ ವೈದ್ಯರಿಗೆ "ನಾನು ಕೋಳಿ ಸಾಕುತ್ತೇನೆ" ಎಂದು ತಪ್ಪದೆ ಹೇಳಿ.

ಬಿಡಲೇಬೇಕಾದಾಗ

ಕೆಲವರಿಗೆ ಇಷ್ಟೆಲ್ಲ ಮಾಡಿದರೂ, ಔಷಧಿಯನ್ನು ಸರಿಯಾಗಿ ತೆಗೆದುಕೊಂಡರೂ ಅಸ್ತಮಾ ಹತೋಟಿಗೆ ಬರುವುದಿಲ್ಲ. ಪದೇಪದೇ ಆಸ್ಪತ್ರೆಗೆ ಸೇರಬೇಕಾಗುತ್ತದೆ. ಪರೀಕ್ಷೆಯಲ್ಲಿ ಪ್ರಾಣಿಯೇ ಕಾರಣ ಎಂದು ಗೊತ್ತಾಗಿ, ವೈದ್ಯರೂ ಹೇಳಿದರೆ ಆಗ ಪ್ರಾಣಿಗೆ ಬೇರೆ ಮನೆ ಹುಡುಕಲೇಬೇಕು. ಮನುಷ್ಯರ ಉಸಿರು ಮೊದಲು. ಇದರಲ್ಲಿ ತಪ್ಪಿತಸ್ಥ ಭಾವನೆ ಬೇಡ.

ಆದರೆ ಬೀದಿಗೆ ಬಿಡಬೇಡಿ. ಮನೆಯ ಅನ್ನ ತಿಂದು ಬೆಳೆದ ಪ್ರಾಣಿಗೆ ಬೀದಿಯಲ್ಲಿ ಬದುಕಲು ತಿಳಿಯದು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಸಂಘದ ಸಭೆಯಲ್ಲಿ ಹೇಳಿದರೆ ನಾಲ್ಕು ಮನೆ ಆಚೆ ಯಾರಾದರೂ ಸಾಕಲು ಸಿಗುತ್ತಾರೆ. ಮಕ್ಕಳು ಹೋಗಿ ನೋಡಿ ಬರಲೂಬಹುದು. ಮನೆಗೆ ಬಂದ ಮೇಲೆ ಕೈ ಕಾಲು ತೊಳೆದು ಬಟ್ಟೆ ಬದಲಿಸಿದರಾಯಿತು. ಇನ್ನು, ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಹೊಸದಾಗಿ ಮರಿ ತರುವ ಮೊದಲೇ ಯೋಚಿಸಿ. ತಂದು ಪ್ರೀತಿ ಬೆಳೆಸಿ ಆಮೇಲೆ ಕಳಿಸುವುದು ಎಲ್ಲರಿಗೂ ನೋವು.

ಮನೆಯೊಳಗೆ ಮಾತಾಡಿಕೊಳ್ಳಿ

ಸೊಸೆಗೆ ಅಲರ್ಜಿ, ಅತ್ತೆಗೆ ಬೆಕ್ಕು ಬೇಕು. ಇಂಥ ಮನೆಗಳಲ್ಲಿ ಬೆಕ್ಕು ಜಗಳಕ್ಕೆ ಕಾರಣವಾಗುತ್ತದೆ. "ನಿನಗೆ ನನ್ನನ್ನು ಕಂಡರೆ ಆಗಲ್ಲ, ಅದಕ್ಕೇ ನನ್ನ ಬೆಕ್ಕು ಬೇಡ" ಎನ್ನುವಲ್ಲಿಗೆ ಮಾತು ಹೋಗುತ್ತದೆ. ಬೆಕ್ಕನ್ನು ಕಳಿಸಬೇಕು ಎಂದು ಶುರು ಮಾಡುವ ಬದಲು "ಅತ್ತೆ, ಬೆಕ್ಕು ಇರಲಿ. ನನ್ನ ಕೋಣೆಗೆ, ಹಾಸಿಗೆಗೆ ಮಾತ್ರ ಬಾರದ ಹಾಗೆ ನೀವೇ ನೋಡಿಕೊಳ್ಳಿ" ಎಂದರೆ ಒಪ್ಪದ ಹಿರಿಯರು ಕಡಿಮೆ. ಹಿರಿಯರೂ ಅಷ್ಟೇ. ಸೊಸೆಯ ಸೀನು ಸೋಗಲ್ಲ, ಆಕೆಯ ದೇಹದ ತೊಂದರೆ ಎಂದು ತಿಳಿಯಬೇಕು.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ತಿಂಗಳುಗಟ್ಟಲೆ ಸೀನು, ಕೆಮ್ಮು, ದಮ್ಮು ಇರುವವರು ಎಷ್ಟು ಮಂದಿ? ಅವರು ವೈದ್ಯರಿಗೆ ತೋರಿಸಿದ್ದಾರೆಯೇ?

2. ನಮ್ಮ ಮನೆಯ ಬೆಕ್ಕು ನಾಯಿ ರಾತ್ರಿ ಎಲ್ಲಿ ಮಲಗುತ್ತವೆ?

3. ಇನ್ಹೇಲರ್ ಬಚ್ಚಿಟ್ಟು ಬಳಸುವ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆಯೇ? ಅವರಿಗೆ ಧೈರ್ಯ ಹೇಳುವವರು ಯಾರು?

4. ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕರೆಸಿ ಇನ್ಹೇಲರ್, ಸ್ಪೇಸರ್ ಬಳಸುವ ಕ್ರಮವನ್ನು ಎಲ್ಲರೂ ಕಲಿಯಬಹುದೇ?

ಇವತ್ತು ರಾತ್ರಿಯಿಂದಲೇ ಒಂದು ಕೆಲಸ ಶುರು ಮಾಡೋಣ. ಬೆಕ್ಕಿಗೆ ಜಗಲಿಯಲ್ಲಿ ಒಂದು ಗೋಣಿ ಹಾಸೋಣ, ಮಲಗುವ ಕೋಣೆಯ ಬಾಗಿಲು ಮುಚ್ಚೋಣ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.